ಗರಿಗರಿ ಮತ್ತು ನಲವತ್ತು ದಿನದ ಗವರ್ನರ್

ಆ ಕಟ್ಟಡದಲ್ಲಿ ಇಪ್ಪತ್ತನಾಲ್ಕು ಮನೆ. ಇಪ್ಪತ್ತನಾಲ್ಕು ಮನೆಯವರೂ ಸೇರಿ ಒಮ್ಮತದಿಂದ ಮಾಡಿದ ಕೆಲಸ ಯಾವುದಾದರೂ ಇದ್ದರೆ ಅದು ಒಂದೇ: ಮೆಟ್ಟಿಲ ಕೆಳಗಿನ ಇಸ್ತ್ರಿಯವನಿಗೆ ‘ಗರಿಗರಿ’ ಎಂದು ಹೆಸರಿಟ್ಟಿದ್ದು. ಲಿಫ್ಟು ರಿಪೇರಿಗೆ ಒಮ್ಮತ ಬರಲಿಲ್ಲ. ಅದು ಮೂರು ವರ್ಷದಿಂದ ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವೆ ತ್ರಿಶಂಕುವಿನ ಹಾಗೆ ನೇತಾಡುತ್ತಿದೆ. ನೀರಿನ ಟ್ಯಾಂಕು ತೊಳೆಸುವುದಕ್ಕೂ ಒಮ್ಮತ ಬರಲಿಲ್ಲ. ಅದರೊಳಗೆ ಏನಿದೆಯೆಂದು ಈಗ ಯಾರೂ ಕೇಳುವುದಿಲ್ಲ. ಆದರೆ ಗರಿಗರಿಯ ವಿಷಯದಲ್ಲಿ ಮಾತ್ರ ಎರಡು ಮಾತಿರಲಿಲ್ಲ. ಅವನು ಗಂಜಿ ಹಾಕಿ ಇಸ್ತ್ರಿ ಮಾಡಿದ ಅಂಗಿ ಹ್ಯಾಂಗರಿನ ಹಂಗಿಲ್ಲದೆ ತನ್ನ ಪಾಡಿಗೆ ತಾನು ನಿಲ್ಲುತ್ತಿತ್ತು.

ಮೆಟ್ಟಿಲು ಇಳಿಜಾರಾಗಿ ಇಳಿಯುವ ಕಡೆ, ಅದರ ಹೊಟ್ಟೆಯ ಕೆಳಗೆ ಅವನ ಮೂಲೆ. ಒಂದು ಮೇಜು, ಒಂದು ಭಾರದ ಕರೆಂಟ್ ಇಸ್ತ್ರಿಪೆಟ್ಟಿಗೆ, ನೀರು ಚಿಮುಕಿಸುವ ಡಬ್ಬ, ಮಡಿಸಿದ ಬಟ್ಟೆ ಇಡಲು ಎರಡು ಹಲಗೆ. ನೆಟ್ಟಗೆ ನಿಂತರೆ ತಲೆಗೆ ಮೆಟ್ಟಿಲು ಬಡಿಯುತ್ತದೆ. ಹದಿನಾಲ್ಕು ವರ್ಷ ಹಾಗೇ ನಿಂತು ಅವನ ಕತ್ತು ಎಡಕ್ಕೆ ವಾಲಿ ಅಲ್ಲೇ ಕೂತುಬಿಟ್ಟಿತ್ತು. ಹೊಸಬರು ನೋಡಿದರೆ ಏನೋ ಗಾಢವಾಗಿ ಯೋಚಿಸುತ್ತಿದ್ದಾನೆ ಅಂದುಕೊಳ್ಳುತ್ತಿದ್ದರು. ಹಾಗೇನೂ ಇರಲಿಲ್ಲ.

ಆ ಮೂಲೆಗೆ ಬಾಡಿಗೆ ಇಲ್ಲ, ಕಾಗದಪತ್ರವೂ ಇಲ್ಲ. ತಿಂಗಳ ಕರೆಂಟಿನ ದುಡ್ಡು ಕೊಡಬೇಕು, ಕಟ್ಟಡದ ಸೆಕ್ರೆಟರಿಯ ಮನೆ ಬಟ್ಟೆಗೆ ದುಡ್ಡು ಕೇಳಬಾರದು, ಅಷ್ಟೇ ಕರಾರು. ಸೆಕ್ರೆಟರಿ ‘ಇರು’ ಅಂದರೆ ಇರಬೇಕು, ‘ಏಳು’ ಅಂದರೆ ಏಳಬೇಕು. ಗರಿಗರಿ, ಅವನ ಹೆಂಡತಿ, ಇಬ್ಬರ ಅನ್ನವೂ ಆ ನಾಲ್ಕಡಿ ಜಾಗದಲ್ಲಿತ್ತು. ಆದ್ದರಿಂದ ಗರಿಗರಿ ಪ್ರಾಮಾಣಿಕನಾಗಿದ್ದ. ಜೇಬಿನಲ್ಲಿ ಸಿಕ್ಕಿದ ನೋಟು, ಬೀಗದ ಕೈ, ಗುಳಿಗೆ, ಬಸ್ ಟಿಕೆಟು ಯಾವುದನ್ನೂ ಬಿಡದೆ ಮೇಲೆ ಹತ್ತಿ ಒಪ್ಪಿಸಿ ಬರುತ್ತಿದ್ದ. ಒಮ್ಮೆ ನಾಲ್ಕನೇ ಮಹಡಿಯ ಗಂಡಸಿನ ಜೇಬಿನಲ್ಲಿ ಸಿಕ್ಕಿದ ಪರಿಮಳದ ಕಾಗದವೊಂದನ್ನು ಅಷ್ಟೇ ಪ್ರಾಮಾಣಿಕವಾಗಿ ಅವನ ಹೆಂಡತಿಯ ಕೈಗೆ ಕೊಟ್ಟು ಬಂದಿದ್ದ. ಆ ಮನೆಯವರು ಈಗ ಎರಡು ಮನೆಯವರಾಗಿದ್ದಾರೆ.

ಇಂಥ ಗರಿಗರಿಯ ಬಾಳಿಗೆ ಒಂದು ಹೊಲಸು ನೋಟು ಬಂತು.

ಹಾಲಿನ ಬೂತಿನವನು ಗರಿಗರಿಯ ಹೆಂಡತಿಗೆ ಚಿಲ್ಲರೆಯ ನಡುವೆ ಹತ್ತರ ನೋಟೊಂದನ್ನು ಸಾಗಹಾಕಿದ್ದ. ಎಣ್ಣೆ, ಮಸಿ, ಯಾರ್ಯಾರದೋ ಬೆವರು ಸೇರಿ ಅದು ನೋಟೋ ಒಲೆ ಒರೆಸುವ ಬಟ್ಟೆಯೋ ತಿಳಿಯದಂತಾಗಿತ್ತು. ವಾಪಸು ಕೊಡಲು ಹೋದರೆ ಬೂತಿನವನು “ನಂದಲ್ಲ” ಅಂದ. ತರಕಾರಿಯವಳು ಮುಟ್ಟಲಿಲ್ಲ. ಬಸ್ ಕಂಡಕ್ಟರ್ “ಇಳೀರಮ್ಮ” ಅಂದ. ಕೊನೆಗೆ ಗರಿಗರಿ ಅದನ್ನು ತಿಂಗಳ ಕರೆಂಟಿನ ದುಡ್ಡಿನೊಳಗೆ ಸೇರಿಸಿ ಸೆಕ್ರೆಟರಿಗೆ ಕೊಟ್ಟ. ಸೆಕ್ರೆಟರಿ ಎರಡು ಬೆರಳಲ್ಲಿ ಎತ್ತಿ ಹಿಡಿದ.

“ಏನಯ್ಯಾ ಇದು? ಸತ್ತ ಇಲಿ ತಂದು ಕೊಡ್ತಿದೀಯ? ತಗೊಂಡ್ಹೋಗು, ಬೇರೆ ಕೊಡು.”

ವಾಪಸು ಬಂದ ನೋಟು ಗರಿಗರಿಯ ಮೇಜಿನ ಮೇಲೆ ಬಿದ್ದಿತ್ತು. ಆ ಹೊತ್ತಿಗೆ ಮೂರನೇ ಮಹಡಿಯ ಪೋಸ್ಟ್‌ಮಾಸ್ತರರು ಅಂಗಿ ಹಿಡಿದುಕೊಂಡು ಇಳಿದು ಬಂದರು. ನಿವೃತ್ತರು. ಒಂದು ಕಾಲಕ್ಕೆ ನೋಟು ಕೂಡಿಡುವ ಹುಚ್ಚಿತ್ತು. ಕಣ್ಣಿಗೆ ಪೊರೆ ಬಂದ ಮೇಲೆ ಹುಚ್ಚು ಬಿಟ್ಟಿತ್ತು. ಅವರು ಆ ನೋಟನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು.

“ಲೋ ಗರಿಗರಿ, ಈ ಸಹಿ ನೋಡಿದ್ಯೇನೋ?”

“ಸಹಿ ನೋಡೋಕೆ ನಾನೇನು ಬ್ಯಾಂಕಾ ಸಾರ್?”

“ಇವ್ರು ನಲವತ್ತು ದಿನದ ಗವರ್ನರ್ ಕಣೋ. ಕುರ್ಚಿ ಮೇಲೆ ಕೂತಿದ್ದು ನಲವತ್ತೇ ದಿನ. ಆಮೇಲೆ ಮೇಲಿನೋರ ಜೊತೆ ಜಗಳ ಆಡ್ಕೊಂಡು ಎದ್ದು ಹೋದ್ರು. ಅಷ್ಟರೊಳಗೆ ಇವ್ರ ಸಹಿ ಹಾಕಿ ಅಚ್ಚಾಗಿದ್ದು ಬಹಳ ಕಮ್ಮಿ. ನಾನು ಮೂವತ್ತು ವರ್ಷ ಹುಡುಕ್ದೆ, ಸಿಗ್ಲಿಲ್ಲ. ನಿನ್ ಹಣೇಲಿ ಬರ್ದಿತ್ತು ನೋಡು. ಯಾರಿಗೂ ಕೊಡ್ಬೇಡ.”

“ಯಾರೂ ತಗೊಳ್ತಾನೂ ಇಲ್ಲ ಸಾರ್,” ಅಂದ ಗರಿಗರಿ ವಿನಯದಿಂದ.

ಪೋಸ್ಟ್‌ಮಾಸ್ತರರು ಅದೇ ಸಂಜೆ ಮನೆಯಿಂದ ಒಂದು ಹಳೆ ಪುಸ್ತಕ ತಂದುಕೊಟ್ಟರು. ರಟ್ಟು ಹೋಗಿತ್ತು. ದೇಶದಲ್ಲಿ ಈವರೆಗೆ ಅಚ್ಚಾದ ಎಲ್ಲ ನೋಟುಗಳ ಪಟ್ಟಿ: ಯಾವ ಗವರ್ನರು, ಯಾವ ವರ್ಷ, ನಂಬರಿನ ಮುಂದೆ ಯಾವ ಅಕ್ಷರ, ಬೆಳಕಿಗೆ ಹಿಡಿದರೆ ಯಾವ ನೆರಳು, ಯಾವ ಸ್ಥಿತಿಯಲ್ಲಿದ್ದರೆ ಯಾವ ಬೆಲೆ.

ಒಂದೇ ತಿಂಗಳಲ್ಲಿ ಗರಿಗರಿ ಬೇರೆ ಮನುಷ್ಯನಾದ. ಯಾರು ನೋಟು ಕೊಟ್ಟರೂ ಮೊದಲು ಬೆಳಕಿಗೆ ಹಿಡಿಯುತ್ತಿದ್ದ. ಆಮೇಲೆ ತಿರುಗಿಸಿ ಕೆಳಗಿನ ಸಣ್ಣ ವರ್ಷ ಓದುತ್ತಿದ್ದ. ಆಮೇಲೆ ಮುದ್ರೆಯ ಪಕ್ಕದ ಚುಕ್ಕೆ ಎಣಿಸುತ್ತಿದ್ದ. ಚಿಲ್ಲರೆಗೆ ಕೈಚಾಚಿ ನಿಂತವರ ಕೈ ಸೋತು ಕೆಳಗಿಳಿಯುತ್ತಿತ್ತು. ಸಹಿಯ ಆಕಾರ ನೋಡಿ ಗವರ್ನರುಗಳಿಗೆ ಅವನೇ ಹೆಸರಿಟ್ಟಿದ್ದ: ಒಬ್ಬರು ಎರೆಹುಳ, ಒಬ್ಬರು ಮುರಿದ ಛತ್ರಿ, ಒಬ್ಬರು ಸೀನು. “ಅಮ್ಮಾ, ಇದು ಸೀನು ಗವರ್ನರ್ದು, ನನ್ ಹತ್ರ ನಾಲ್ಕಿದೆ. ಎರೆಹುಳ ಇದ್ರೆ ಕೊಡಿ,” ಎನ್ನುತ್ತಿದ್ದ. ಕೇಳಿದವರು ಬಟ್ಟೆ ಎತ್ತಿಕೊಂಡು ಹೋಗುತ್ತಿದ್ದರು.

ಹತ್ತರ ನೋಟು ಮಾತ್ರ. ಅದೂ ನಮ್ಮ ಸರ್ಕಾರದ್ದು ಮಾತ್ರ. ಹಡಗಿನಲ್ಲಿ ಕೆಲಸ ಮಾಡುವ ಮೊದಲನೇ ಮಹಡಿಯವನು ಯಾವುದೋ ದೇಶದ ಬಣ್ಣಬಣ್ಣದ ನೋಟು ತೋರಿಸಿದರೆ ಮುಖ ತಿರುಗಿಸಿದ. “ಪರದೇಶದ್ದು ಬೇಡ ಸಾರ್. ಇರೋ ಒಂದು ದೇಶಾನ ನೆಟ್ಟಗೆ ಗುರ್ತು ಹಿಡಿದ್ರೆ ಸಾಕಾಗಿದೆ.”

“ಹನ್ನೊಂದು ಗವರ್ನರ್ ಹೆಸ್ರು ಬಾಯಿಪಾಠ,” ಅಂದಳು ಹೆಂಡತಿ. “ನನ್ನ ತಮ್ಮನ ಮಗಳ ಹೆಸ್ರು ಹೇಳ್ರೀ ನೋಡೋಣ?”

ಗರಿಗರಿ ಕತ್ತನ್ನು ಇನ್ನಷ್ಟು ಎಡಕ್ಕೆ ವಾಲಿಸಿದ. ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವನು ನಲವತ್ತು ದಿನದ ಗವರ್ನರ ಪುಟ ತೆರೆದ. ಬೆಲೆ ನಾಲ್ಕು ಸಾಲಿನಲ್ಲಿತ್ತು. ಕೊನೆಯ ಸಾಲು ಓದಿ ಅವನ ಕೈಯಲ್ಲಿದ್ದ ಪೆಟ್ಟಿಗೆ ಎರಡನೇ ಮಹಡಿಯ ಹಲ್ಲಿನ ಡಾಕ್ಟರಮ್ಮನ ದಿಂಬಿನ ಚೀಲದ ಮೇಲೆ ಎರಡು ಕ್ಷಣ ಹೆಚ್ಚು ನಿಂತಿತು. ‘ಕಲೆ, ಸುಕ್ಕು, ಮಡಿಕೆ ಇಲ್ಲದ್ದು: ಎರಡು ಲಕ್ಷ.’

“ಕೇಳ್ದೇನೇ?” ಅಂದ ಹೆಂಡತಿಗೆ. “ಕಲೆ ಇರ್ಬಾರ್ದಂತೆ. ಸುಕ್ಕು ಇರ್ಬಾರ್ದಂತೆ. ಮಡಿಕೆ ಇರ್ಬಾರ್ದಂತೆ. ಹದಿನಾಲ್ಕು ವರ್ಷದಿಂದ ನಾನು ಮಾಡ್ತಿರೋದು ಇನ್ನೇನು?”

ಲೋಕದಲ್ಲಿ ನೋಟು ಕೂಡಿಡುವವರು ಸಾವಿರಾರು ಜನ. ಅವರಲ್ಲಿ ಬ್ಯಾಂಕಿನವರಿದ್ದಾರೆ, ಮೇಷ್ಟರಿದ್ದಾರೆ, ವಕೀಲರಿದ್ದಾರೆ. ಆ ಸಾಲನ್ನು ಓದಿ ಇದು ನನಗೇ ಬರೆದ ಆಜ್ಞೆ ಎಂದುಕೊಳ್ಳಲು ಇಸ್ತ್ರಿಯವನೇ ಆಗಬೇಕು. ಗರಿಗರಿ ನೋಟನ್ನು ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಸಿದ. ಕಾಲರಿನ ಕೊಳೆಗೆ ಹಾಕುವ ಪುಡಿಯನ್ನು ಹತ್ತಿಯಲ್ಲಿ ಒತ್ತಿ ಎಣ್ಣೆ ಕಲೆ ಎತ್ತಿದ. ತೆಳುವಾಗಿ ಗಂಜಿ ಎಳೆದ. ಮೇಲೊಂದು ಕರ್ಚೀಫು ಹಾಸಿ, ಪೆಟ್ಟಿಗೆಯನ್ನು ರೇಷ್ಮೆಯ ಗುರುತಿಗೆ ತಿರುಗಿಸಿ, ಉಸಿರು ಹಿಡಿದು ಆಡಿಸಿದ. ಕರ್ಚೀಫು ಎತ್ತಿದಾಗ ನೋಟು ಹಪ್ಪಳದ ಹಾಗೆ ಗರಿಗರಿ ಅನ್ನುತ್ತಿತ್ತು. ಮಿಕ್ಕ ಗವರ್ನರುಗಳಿಗೂ ಅದೇ ಸೇವೆ ಆಯಿತು.

“ಸ್ನಾನ ಮಾಡ್ಸಿ ಸ್ಕೂಲಿಗೆ ಕಳ್ಸೋ ಹಾಗಿದೆ,” ಅಂದಳು ಹೆಂಡತಿ. ಮೊದಲ ಸಲ ಅವಳ ಮಾತಿನಲ್ಲಿ ಸ್ವಲ್ಪ ಮೆಚ್ಚುಗೆ ಇತ್ತು. ಗಂಡಸನ್ನು ಕೆಡಿಸಲು ಅಷ್ಟು ಸಾಕು.

ಮಾರನೇ ವಾರ ಗರಿಗರಿ ನೂರು ಕಾರ್ಡು ಅಚ್ಚು ಹಾಕಿಸಿದ. ‘ನೋಟು ಸಂಗ್ರಾಹಕರು ಹಾಗೂ ತಜ್ಞರು. ಇಸ್ತ್ರಿಯನ್ನೂ ಮಾಡಲಾಗುವುದು.’ ಯಾರಿಗೆ ಕೊಡುವುದು? ಕೇಳಿದವರು ಯಾರೂ ಇರಲಿಲ್ಲ. ಆದ್ದರಿಂದ ಇಸ್ತ್ರಿಯಾದ ಪ್ರತಿ ಅಂಗಿಯ ಜೇಬಿನಲ್ಲೂ ಒಂದೊಂದು ಇಟ್ಟು ಕಳಿಸಿದ.

ಇನ್ನು ಉಳಿದದ್ದು ಸುದ್ದಿಗೆ ಗಾಳಿ ಹಾಕುವ ಕೆಲಸ. ಅದಕ್ಕೆ ಭಾವಮೈದ ಇದ್ದ. ಹೆಂಡತಿಯ ತಮ್ಮ; ಸೈಟು, ಸ್ಕೂಟರು, ಸಂಬಂಧ, ಏನು ಬೇಕಾದರೂ ಕುದುರಿಸಿ ಕೊಡುವವನು. ಅವನು ಮೂಲೆಗೆ ಬಂದು ಪುಸ್ತಕ ನೋಡಿದ, ನೋಟು ನೋಡಿದ, ಮತ್ತೆ ಪುಸ್ತಕ ನೋಡಿದ.

“ಭಾವ! ಎರಡು ಲಕ್ಷಾನಾ?”

“ಮೆಲ್ಲಗೆ ಮಾತಾಡೋ.”

“ಮೆಲ್ಲಗೇ ಮಾತಾಡ್ತಿದೀನಿ ಭಾವ, ಎರಡು ಲಕ್ಷಾನಾ?” ಎಂದು ಭಾವಮೈದ ಮೆಟ್ಟಿಲಿನ ಸಂದಿಗೆ ಬಾಯಿಟ್ಟು ಕೂಗಿದ.

ಲಿಫ್ಟು ಕೆಟ್ಟಿದ್ದರೂ ಸುದ್ದಿ ಹತ್ತಲು ಅಡ್ಡಿಯಾಗಲಿಲ್ಲ. ಮೊದಲನೇ ಮಹಡಿಯಲ್ಲಿ ಎರಡು ಲಕ್ಷವಾಗಿದ್ದದ್ದು ಎರಡನೇ ಮಹಡಿಯಲ್ಲಿ ಐದಾಯಿತು. ಮೂರರಲ್ಲಿ ಹನ್ನೆರಡು. ನಾಲ್ಕನೇ ಮಹಡಿ ತಲುಪುವಷ್ಟರಲ್ಲಿ ಐವತ್ತಾಗಿ, ಯಾವುದೋ ವಸ್ತುಸಂಗ್ರಹಾಲಯದವರು ವಿಮಾನ ಹತ್ತಿಯಾಗಿತ್ತು. ತಾರಸಿಯ ಮೇಲೆ ಯಾರೂ ಇರದಿದ್ದದ್ದು ಒಳ್ಳೆಯದೇ ಆಯಿತು.

ಎರಡು ದಿನ ಗರಿಗರಿಯ ಬದುಕು ಬಂಗಾರವಾಗಿತ್ತು. ಡಾಕ್ಟರಮ್ಮ ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ “ಗರಿಗರಿ ಅವರೇ, ಚಹಾ ಕುಡಿದ್ರಾ?” ಅಂದಳು. ಸೆಕ್ರೆಟರಿ ಕೂರಲು ಒಂದು ಸ್ಟೂಲು ಕೊಡಿಸಿದ. ಅದರ ಮೇಲೆ ಕೂತರೂ ಮೆಟ್ಟಿಲು ತಲೆಗೆ ಬಡಿಯುತ್ತಿತ್ತು, ಆದರೂ ಗರಿಗರಿ ಇಳಿಯಲಿಲ್ಲ.

ಮೂರನೇ ದಿನ ಬೆಳಿಗ್ಗೆ ಡಾಕ್ಟರಮ್ಮ ಮತ್ತೆ ಬಂದಳು. ಚಹಾದ ಮಾತಿರಲಿಲ್ಲ.

“ಅಲ್ಲಪ್ಪ, ಹೋದ ವರ್ಷ ನಮ್ಮೆಜಮಾನ್ರ ನೀಲಿ ಪ್ಯಾಂಟಲ್ಲಿ ಒಂದು ಹತ್ತರ ನೋಟಿತ್ತಲ್ಲ?”

“ಇತ್ತಮ್ಮ. ಅವತ್ತೇ ಮೇಲ್ ಹತ್ತಿ ಬಂದು ನಿಮ್ ಕೈಗೇ ಕೊಟ್ನಲ್ಲಮ್ಮ.”

“ಕೊಟ್ಟೆ. ಆದ್ರೆ ಅದೇ ನೋಟು ಕೊಟ್ಟೆ ಅಂತ ಏನು ಗ್ಯಾರಂಟಿ?”

ಗರಿಗರಿ ಬಾಯಿ ತೆರೆಯುವ ಮೊದಲೇ ಜಿಮ್ಮಿಗೆ ಹೋಗುವ ಬ್ರಹ್ಮಚಾರಿ ಇಳಿದು ಬಂದ. “ಅದು ನಂದು ಕಣಯ್ಯ. ನನ್ನ ಕರಿ ಟ್ರ್ಯಾಕ್ ಪ್ಯಾಂಟಿನ ಜೇಬಲ್ಲಿತ್ತು.”

“ಆ ಪ್ಯಾಂಟಿಗೆ ಜೇಬೇ ಇಲ್ವಲ್ಲ ಸಾರ್?”

“ಜೇಬಿಲ್ದೇ ಇರೋದಕ್ಕೇ ಬಿದ್ದೋಯ್ತು!”

ಹಡಗಿನವನು ಬಂದ. ಡ್ರೈವಿಂಗ್ ಸ್ಕೂಲಿನವನು ಬಂದ. ಪರಿಮಳದ ಕಾಗದದ ಗಂಡನೂ ಬಂದ, ಅವನನ್ನು ಬಿಟ್ಟುಹೋದ ಹೆಂಡತಿಯೂ ಅರ್ಧ ಪಾಲು ಕೇಳಲು ಫೋನು ಮಾಡಿದಳು. ಹದಿನಾಲ್ಕು ವರ್ಷದಲ್ಲಿ ಗರಿಗರಿ ಹಿಂದಿರುಗಿಸಿದ ಒಂದೊಂದು ನೋಟೂ ಅವನ ಮೇಲೆ ಒಂದೊಂದು ಸಾಕ್ಷಿಯಾಗಿ ನಿಂತಿತು. ಒಂದನ್ನೂ ಹಿಂದಿರುಗಿಸದೆ ಇದ್ದಿದ್ದರೆ ಯಾರಿಗೂ ನೆನಪೇ ಇರುತ್ತಿರಲಿಲ್ಲ.

ಕೊನೆಗೆ ಸೆಕ್ರೆಟರಿಯೇ ಬಂದ. ಬಂದವನು ಮೊದಲು ಸ್ಟೂಲನ್ನು ಎಳೆದುಕೊಂಡು ತಾನು ಕೂತ.

“ನೋಡಯ್ಯಾ, ಆ ನೋಟು ನಾನೇ ನಿನಗೆ ಇಸ್ತ್ರಿ ದುಡ್ಡು ಅಂತ ಕೊಟ್ಟಿದ್ದು.”

“ನೀವು ನನಗೆ ಯಾವತ್ತೂ ಇಸ್ತ್ರಿ ದುಡ್ಡು ಕೊಟ್ಟಿಲ್ವಲ್ಲ ಸಾರ್?”

“ಅದಕ್ಕೇ! ಅವತ್ತೊಂದಿನ ಮನಸ್ಸು ತಡೀಲಾರ್ದೆ ಕೊಟ್ಟೆ. ಮರೆತ್ಯಾ? ಒಂದೇ ಸಲ ಕೊಟ್ಟಿದ್ರಿಂದ ನನಗೆ ಚೆನ್ನಾಗಿ ನೆನಪಿದೆ.”

“ಸಾರ್, ನೀವೇ ಅಲ್ವಾ ಅದನ್ನ ಸತ್ತ ಇಲಿ ಅಂದಿದ್ದು? ಬೇಡ ಅಂತ ಎಸೆದ್ರಲ್ಲ?”

“ನೋಡು, ನೀನೇ ಒಪ್ಕೊಂಡೆ. ನನ್ನ ಕೈಲಿತ್ತು ಅಂತ ಆಯ್ತಲ್ಲ?”

ಭಾನುವಾರ ಸಭೆ ಅಂತ ತೀರ್ಮಾನವಾಯಿತು. ನೋಟು ಯಾರದೆಂದು ಸಭೆ ಹೇಳುವುದು, ಎಷ್ಟು ಬಾಳುತ್ತದೆಂದು ಭಾವಮೈದ ಕರೆತರುವ ವ್ಯಾಪಾರಿ ಹೇಳುವುದು. ಒಪ್ಪದಿದ್ದರೆ ಗರಿಗರಿ ಮೂಲೆ ಖಾಲಿ ಮಾಡುವುದು.

“ಹೆದರ್ಬೇಡ ಕಣೇ,” ಅಂದ ಗರಿಗರಿ ಹೆಂಡತಿಗೆ. “ಪೋಸ್ಟ್‌ಮಾಸ್ಟ್ರಿದಾರೆ. ಈ ನೋಟು ನನ್ನ ಮೇಜಿನ ಮೇಲಿದ್ದಾಗ್ಲೇ ಗುರ್ತು ಹಿಡಿದೋರು ಅವ್ರು. ನಿನ್ ಹಣೇಲಿ ಬರ್ದಿತ್ತು ಅಂದ್ರಲ್ಲ, ಅವ್ರೊಂದು ಮಾತು ಹೇಳಿದ್ರೆ ಮುಗೀತು.”

“ಅವ್ರು ಹೇಳ್ಬೇಕಲ್ಲ,” ಅಂದಳು ಹೆಂಡತಿ.

ಭಾನುವಾರ ಕಾರು ನಿಲ್ಲಿಸುವ ಜಾಗದಲ್ಲಿ ಕುರ್ಚಿ ಹಾಕಿದರು. ಲಿಫ್ಟಿನ ಸಭೆಗೆ ಐದು ಜನ ಬಂದಿದ್ದರು. ಈ ಸಭೆಗೆ ಕುರ್ಚಿ ಸಾಲಲಿಲ್ಲ. ನೋಟನ್ನು ಗಾಜಿನ ತಟ್ಟೆಯ ಮೇಲಿಟ್ಟು ನಡುವೆ ಇಟ್ಟರು. ಯಾರೂ ಜೋರಾಗಿ ಉಸಿರಾಡಲಿಲ್ಲ, ಹಾರಿಹೋದೀತೆಂದು.

ಗರಿಗರಿಯ ಹೆಂಡತಿ ಎದ್ದು ನಿಂತು, ಹಾಲಿನ ಬೂತು, ತರಕಾರಿಯವಳು, ಬಸ್ಸು ಎಲ್ಲವನ್ನೂ ಹೇಳಿದಳು. ಬೂತಿನವನನ್ನು ಕರೆಸಿದರು. ಹಿಂದೆ “ನಂದಲ್ಲ” ಅಂದಿದ್ದ ಅವನು ತಟ್ಟೆಯ ಕಡೆ ನೋಡಿದ, ಜನರ ಕಡೆ ನೋಡಿದ.

“ನನ್ನ ಗಲ್ಲಾಪೆಟ್ಟಿಗೆಯಿಂದ ಹೋಗಿದ್ದು ಅಂದ್ರೆ,” ಅಂದ ನಿಧಾನವಾಗಿ, “ಹಂಗಾದ್ರೆ ಅದು ನಂದೇ ಅಲ್ವಾ?”

ಹಕ್ಕುದಾರರು ಎಂಟಾದರು.

“ಪೋಸ್ಟ್‌ಮಾಸ್ಟ್ರೇ,” ಅಂದ ಗರಿಗರಿ. “ನೀವು ಹೇಳಿ ಸಾರ್. ಅವತ್ತು ನನ್ ಮೇಜಿನ ಮೇಲೆ ಇತ್ತಲ್ಲ? ನೀವೇ ಅಲ್ವಾ ನೋಡಿದ್ದು?”

ಪೋಸ್ಟ್‌ಮಾಸ್ತರರು ಕನ್ನಡಕ ತೆಗೆದರು. ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದರು. ಮೂವತ್ತು ವರ್ಷ ಹುಡುಕಿದ ನೋಟು ಮೂರಡಿ ದೂರದಲ್ಲಿತ್ತು.

“ನೋಡಿ,” ಅಂದರು ಯಾರ ಕಡೆಯೂ ನೋಡದೆ. “ನಾನು ಇವ್ನಿಗೆ ಒಂದು ಪುಸ್ತಕ ಕೊಟ್ಟಿದ್ದೆ. ವಯಸ್ಸಾಯ್ತು, ಕಣ್ಣಿಗೆ ಪೊರೆ ಬೇರೆ. ಪುಸ್ತಕದ ಒಳಗೆ ಒಂದು ನೋಟು ಇಟ್ಟಿದ್ನೋ ಏನೋ ಅಂತ ಈಗ ಅನುಮಾನ ಬರ್ತಿದೆ.”

ಒಂಬತ್ತು.

ಗರಿಗರಿ ಅಲ್ಲಿಯವರೆಗೆ ನಿಂತಿದ್ದ. ಈಗ ಕೂತ. ಕುರ್ಚಿ ಇರಲಿಲ್ಲ, ನೆಲದ ಮೇಲೆ ಕೂತ.

ಅಷ್ಟರಲ್ಲಿ ವ್ಯಾಪಾರಿಯನ್ನು ಭಾವಮೈದ ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದ. ಒಣಕಲು ಮನುಷ್ಯ, ಕೈಗೆ ತೆಳು ಕೈಚೀಲ, ಕಣ್ಣಿಗೆ ದಪ್ಪ ಭೂತಗನ್ನಡಿ. ದಾರಿಯುದ್ದಕ್ಕೂ ಭಾವಮೈದ ಐವತ್ತು ಲಕ್ಷದ ಮಾತಾಡಿ ಅವನಿಗೆ ತಲೆನೋವು ಬಂದಿತ್ತು. ಅವನು ಚಿಮಟದಲ್ಲಿ ನೋಟನ್ನೆತ್ತಿದ. ಸಹಿ ನೋಡಿದ.

“ಹೌದು,” ಅಂದ. “ನಲವತ್ತು ದಿನದ ಗವರ್ನರೇ.”

ಒಂಬತ್ತು ಜನ ಒಟ್ಟಿಗೆ ಕುರ್ಚಿಯ ಅಂಚಿಗೆ ಜರುಗಿದರು. ವ್ಯಾಪಾರಿ ನೋಟನ್ನು ಬೆಳಕಿಗೆ ಹಿಡಿದ. ಓರೆಯಾಗಿ ಹಿಡಿದ. ಹೆಬ್ಬೆರಳಿನಿಂದ ಸಹಿಯ ಮೇಲೆ ಸವರಿದ. ಆಮೇಲೆ, ಯಾರೂ ನಿರೀಕ್ಷಿಸದಂತೆ, ಮೂಸಿದ.

“ಗಂಜಿ?”

“ತೆಳುವಾಗೇ ಹಾಕಿದ್ದು ಸಾರ್,” ಅಂದ ಗರಿಗರಿ ನೆಲದಿಂದಲೇ. ಇಂಥ ಹೊತ್ತಿನಲ್ಲೂ ಅವನ ದನಿಗೆ ಸ್ವಲ್ಪ ಜೀವ ಬಂತು. “ಬಿಸಿ ರೇಷ್ಮೆಗಿಡೋ ಅಷ್ಟೇ.”

ವ್ಯಾಪಾರಿ ನೋಟನ್ನು ತಟ್ಟೆಗೆ ಹಾಕಿ ಕೈ ಒರೆಸಿಕೊಂಡ. “ಹತ್ತು,” ಅಂದ.

“ಹತ್ತು ಲಕ್ಷಾನಾ?” ಭಾವಮೈದ ಕೇಳಿದ.

“ಬರೀ ಹತ್ತು. ಅಂಗಡಿಗೆ ಹೋದ್ರೆ ಹತ್ತಕ್ಕೆ ಏನು ಬರುತ್ತೋ ಅದು. ಅಚ್ಚಿನ ಉಬ್ಬೆಲ್ಲ ಚಪ್ಪಟೆಯಾಗಿದೆ, ಬಣ್ಣ ತೊಳೆದುಹೋಗಿದೆ, ಕಾಗದದ ನಾರು ಸುಟ್ಟಿದೆ. ಇದು ನೋಟಲ್ಲ ಸ್ವಾಮಿ, ನೋಟಿನ ಹೆಣ. ಅಲಂಕಾರ ಮಾಡಿ ಮಲಗಿಸಿದೀರಿ.”

ಅವನು ಕೈಚೀಲದ ಜಿಪ್ಪು ಎಳೆದ. ಎಳೆದವನು ಸುಮ್ಮನೆ ಹೋಗಬಹುದಿತ್ತು. ವ್ಯಾಪಾರಸ್ಥರಿಗೂ ಕೆಲವೊಮ್ಮೆ ಹೊಟ್ಟೆಯುರಿ ತಡೆಯುವುದಿಲ್ಲ.

“ಕೊಳಕಾಗಿದ್ದಿದ್ರೂ ಪರವಾಗಿರ್ಲಿಲ್ಲ. ಎಣ್ಣೆ, ಮಸಿ, ಸುಕ್ಕು ಹೇಗಿತ್ತೋ ಹಾಗೇ ತಂದಿದ್ರೆ, ಒಂದು ಲಕ್ಷ ಈ ತಟ್ಟೇಲಿ ಇಡ್ತಿದ್ದೆ.”

ಅವನನ್ನು ಕರೆದುಕೊಂಡು ಬಂದ ಸ್ಕೂಟರು ವಾಪಸು ಬಿಡಲು ಒಪ್ಪಲಿಲ್ಲ. ನಡೆದುಕೊಂಡೇ ಹೋದ.

ಗರಿಗರಿಗೆ ದುಃಖವಾಯಿತು, ನಿಜ. ಆದರೆ ಅದರ ಹಿಂದೆಯೇ ಒಂದು ನೆಮ್ಮದಿಯೂ ಬಂತು. ಲಕ್ಷ ಹೋದರೆ ಹೋಯಿತು. ಇನ್ನು ಇದು ನನ್ನದು ಅಂತ ಯಾರೂ ಬರುವುದಿಲ್ಲ. ನಾಳೆಯಿಂದ ಮೂಲೆ, ಪೆಟ್ಟಿಗೆ, ಹಳೆಯ ಬದುಕು. ಅವನು ಎದ್ದು ನಿಂತು ತಟ್ಟೆಯ ಕಡೆ ಕೈ ಚಾಚಿದ.

“ಇರಪ್ಪ, ಇರು,” ಅಂದ ಸೆಕ್ರೆಟರಿ. “ಅಂದ್ರೆ ನನ್ನ ಒಂದು ಲಕ್ಷಕ್ಕೆ ನೀನು ಇಸ್ತ್ರಿ ಹಾಕಿದ್ಯಾ?”

ಎಲ್ಲರೂ ಒಟ್ಟಿಗೆ ಎದ್ದರು.

“ನಮ್ಮೆಜಮಾನ್ರ ಲಕ್ಷ!” ಅಂದಳು ಡಾಕ್ಟರಮ್ಮ. “ಕೇಳ್ದೇ ಇಸ್ತ್ರಿ ಹಾಕೋಕೆ ನಿನಗ್ಯಾರು ಹೇಳಿದ್ರು?” ಜಿಮ್ಮಿನವನು ಅಂಗಿಯ ತೋಳು ಮಡಿಸಿದ. ಬೂತಿನವನು, ತಾನು ಹಾಲಿನ ವ್ಯಾಪಾರ ಬಿಟ್ಟು ಬಂದದ್ದಕ್ಕೂ ಲೆಕ್ಕ ಕೇಳಿದ. ಒಂಬತ್ತು ಜನರ ಒಂದೇ ಲಕ್ಷ ಒಂಬತ್ತು ಸಲ ಹಾಳಾಗಿತ್ತು. ಪೋಸ್ಟ್‌ಮಾಸ್ತರರು ಮಾತ್ರ ಕೂಗಲಿಲ್ಲ. ತಟ್ಟೆಯ ಕಡೆ ನೋಡುತ್ತ, “ತೊಳೆದುಬಿಟ್ಯಲ್ಲೋ,” ಅಂದರು, ಮಗು ಸತ್ತವರ ಹಾಗೆ. “ತೊಳೆದುಬಿಟ್ಯಲ್ಲೋ ಪಾಪಿ.”

ಸೆಕ್ರೆಟರಿ ನಿರ್ಣಯ ಬರೆಸಿದ. ನಷ್ಟ ಆಗಿರುವುದು ಖಚಿತ. ಯಾರಿಗೆ ಆಗಿದೆ ಎಂಬುದು ಖಚಿತವಿಲ್ಲ. ಆದ್ದರಿಂದ ಎಲ್ಲರಿಗೂ ಆಗಿದೆ ಎಂದು ತಿಳಿದು, ಇಸ್ತ್ರಿಯವನು ಒಂದು ವರ್ಷ ಇಪ್ಪತ್ತನಾಲ್ಕು ಮನೆಗೂ ಬಿಟ್ಟಿ ಇಸ್ತ್ರಿ ಮಾಡತಕ್ಕದ್ದು. ತಪ್ಪಿದರೆ ಮೂಲೆ ಖಾಲಿ. ಕಟ್ಟಡದ ಇತಿಹಾಸದಲ್ಲಿ ಎರಡನೇ ಸಲ ಒಮ್ಮತ ಬಂತು. ನೋಟನ್ನು ದಾಖಲೆಗೆಂದು ನಿರ್ಣಯದ ಹಾಳೆಗೆ ಇಟ್ಟು, ಸ್ಟೇಪ್ಲರಿನಿಂದ ಗವರ್ನರ ಸಹಿಯ ಮೇಲೇ ಎರಡು ಪಿನ್ನು ಹೊಡೆದರು.

“ಸಹಿ ಹಾಕ್ಬೇಡಿ,” ಅಂದಳು ಹೆಂಡತಿ. “ತಿನ್ನೋದೇನ್ರೀ?”

“ಪಕ್ಕದ ಬಿಲ್ಡಿಂಗಿನ ಬಟ್ಟೆ ತರ್ತೀನಿ ಕಣೇ. ಮೂಲೆ ಒಂದಿದ್ರೆ ಹೇಗೋ ಆಗುತ್ತೆ,” ಎಂದು ಗರಿಗರಿ ಸಹಿ ಹಾಕಿದ. ಸಹಿ ಮುರಿದ ಛತ್ರಿಯ ಹಾಗೆ ಬಂತು.

ಸೋಮವಾರ ಬೆಳಿಗ್ಗೆ ಬಟ್ಟೆ ಇಳಿಯತೊಡಗಿತು. ಬಿಟ್ಟಿ ಅಂದ ಮೇಲೆ ಕೇಳಬೇಕೇ? ಅಂಗಿ ಪ್ಯಾಂಟಿನ ಹಿಂದೆ ಪರದೆಗಳು ಬಂದವು. ಪರದೆಯ ಹಿಂದೆ ಸೋಫಾದ ಹೊದಿಕೆ. ಬೇರೆ ಊರಲ್ಲಿರುವ ನಾದಿನಿಯರ ಬಟ್ಟೆ, ಡ್ರೈವಿಂಗ್ ಸ್ಕೂಲಿನ ಎಂಟಡಿ ಬ್ಯಾನರು, ಡಾಕ್ಟರಮ್ಮನ ಆಸ್ಪತ್ರೆಯ ನೂರಾ ಇಪ್ಪತ್ತು ಟವೆಲು. ರಾಶಿ ಏಳನೇ ಮೆಟ್ಟಿಲು ಮುಟ್ಟಿತು. ಪಕ್ಕದ ಕಟ್ಟಡದ ಬಟ್ಟೆ ತರಲು ಹೋಗಲಿ, ಮೂಲೆಯಿಂದ ಹೊರಬರಲು ದಾರಿ ಇರಲಿಲ್ಲ.

ಗರಿಗರಿ ಮೊದಲ ಪ್ಯಾಂಟು ಎಳೆದ. ಅದರ ಎರಡೂ ಜೇಬನ್ನು ಒಳಗಿನಿಂದ ಹೊರಗೆ ಎಳೆದು ತಿರುವಿ ಹಾಕಿದ್ದರು. ಎರಡನೆಯದು ಎಳೆದ. ಅದೂ ಹಾಗೇ. ಮೂರನೆಯದು, ಹತ್ತನೆಯದು, ನಲವತ್ತನೆಯದು. ಇಪ್ಪತ್ತನಾಲ್ಕು ಮನೆಯ ಅಷ್ಟೂ ಪ್ಯಾಂಟುಗಳು ಬಿಳಿ ನಾಲಿಗೆ ಹೊರಹಾಕಿ ಅವನನ್ನು ನೋಡುತ್ತಿದ್ದವು. ಪೋಸ್ಟ್‌ಮಾಸ್ತರರ ಅಂಗಿಯ ಜೇಬಿಗೆ ಸೂಜಿ ದಾರದಲ್ಲಿ ಹೊಲಿಗೆಯೇ ಬಿದ್ದಿತ್ತು.

ಸೆಕ್ರೆಟರಿಯ ಹೆಂಡತಿ ಮೆಟ್ಟಿಲ ಮೇಲಿಂದ ಹೇಳಿದಳು: “ಬೇಜಾರ್ ಮಾಡ್ಕೋಬೇಡಪ್ಪ. ನಿನ್ ಮೇಲೆ ಅನುಮಾನ ಅಂತಲ್ಲ. ಹುಷಾರಾಗಿರೋದು ಒಳ್ಳೇದಲ್ವಾ?”

ಗರಿಗರಿ ಕೈಯಲ್ಲಿದ್ದ ಪ್ಯಾಂಟನ್ನು ತುಂಬ ಹೊತ್ತು ನೋಡಿದ. ಆಮೇಲೆ ಗಂಜಿಯ ಬಕೆಟ್ಟು ಎಳೆದುಕೊಂಡ.

“ದಪ್ಪಗೆ ಕಲಸು,” ಅಂದ ಹೆಂಡತಿಗೆ.

ಅವಳು ಅವನ ಮುಖ ನೋಡಿದಳು. ದಪ್ಪಗೆ ಕಲಸಿದಳು.

ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಇಪ್ಪತ್ತನಾಲ್ಕು ಮನೆಯಲ್ಲೂ ಆಫೀಸಿಗೆ ಹೊರಡುವವರು ಪ್ಯಾಂಟು ಏರಿಸಿದರು. ಜೇಬುಗಳು ಕೊಟ್ಟ ಹಾಗೇ ಇದ್ದವು, ಹೊರಗೆ. ಆದರೆ ಈಗ ಗಂಜಿ ಕುಡಿದು, ಪೆಟ್ಟಿಗೆ ತಿಂದು, ಸೊಂಟದ ಎರಡೂ ಕಡೆ ಆನೆಯ ಕಿವಿಯ ಹಾಗೆ ಸೆಟೆದು ನಿಂತಿದ್ದವು. ಒಳಗೆ ತಳ್ಳಿದರೆ ಫಟ್ ಅಂತ ಹೊರಗೆ ಬರುತ್ತಿದ್ದವು. ಜಿಮ್ಮಿನವನು ಶಕ್ತಿಯೆಲ್ಲ ಹಾಕಿ ಒತ್ತಿದ. ಜೇಬು ಒಳಗೆ ಹೋಗಲಿಲ್ಲ, ಪ್ಯಾಂಟು ಹೊಲಿಗೆ ಬಿಟ್ಟಿತು. ಡಾಕ್ಟರಮ್ಮನ ಯಜಮಾನರು ಬಾಗಿಲಲ್ಲಿ ಅಡ್ಡಡ್ಡ ನಡೆಯಬೇಕಾಯಿತು. ಸೆಕ್ರೆಟರಿಗೆ ಆ ದಿನ ವಿದ್ಯುತ್ ಇಲಾಖೆಯ ದೊಡ್ಡ ಅಧಿಕಾರಿಯ ಭೇಟಿ ಇತ್ತು. ಅಧಿಕಾರಿ ಅವನನ್ನು ಮೇಲಿಂದ ಕೆಳಗೆ ನೋಡಿ, “ಏನ್ರೀ, ಸಾಲ ಕೇಳೋಕೆ ಬಂದ್ರಾ?” ಅಂದನಂತೆ.

ಹನ್ನೊಂದಕ್ಕೆ ಸೆಕ್ರೆಟರಿ ವಾಪಸು ಬಂದ. ಕೈಯಲ್ಲಿ ಫೈಲು, ಸೊಂಟದಲ್ಲಿ ಕಿವಿ.

“ಏನಯ್ಯಾ ಇದು?”

“ನೀವು ಕೊಟ್ಟ ಹಾಗೇ ಕೊಟ್ಟಿದೀನಿ ಸಾರ್,” ಅಂದ ಗರಿಗರಿ. “ನಾನು ಜೇಬಿಗೆ ಕೈ ಹಾಕೋ ಹಾಗಿಲ್ವಲ್ಲ.”

ಹೆಂಡತಿ ನಕ್ಕಳು. ಮದುವೆಯಾದ ಮೇಲೆ ಅವಳು ಅಷ್ಟು ಜೋರಾಗಿ ನಕ್ಕದ್ದು ಅವನು ಕೇಳಿರಲಿಲ್ಲ. ಆ ನಗುವಿನ ಬೆಲೆ ನಾಲ್ಕಡಿ ಜಾಗವೆಂದು ಇಬ್ಬರಿಗೂ ಗೊತ್ತಿತ್ತು.

“ಸಂಜೆಯೊಳಗೆ ಖಾಲಿ ಮಾಡು,” ಅಂದ ಸೆಕ್ರೆಟರಿ.

ಮಧ್ಯಾಹ್ನಕ್ಕೆ ತಳ್ಳುಗಾಡಿ ಬಂತು. ಮೇಜು ಏರಿಸುವಾಗ ಕೈ ಕೊಡಲು ಯಾರೂ ಇಳಿಯಲಿಲ್ಲ. ಭಾವಮೈದ ಮಾತ್ರ ಬಂದ. ಬಂದವನು ಮೇಜಿಗೆ ಕೈ ಹಾಕದೆ, ಅಳತೆ ಪಟ್ಟಿ ತೆಗೆದು ಮೂಲೆಯನ್ನು ಅಳೆಯತೊಡಗಿದ.

“ಭಾವ, ತಪ್ಪು ತಿಳ್ಕೋಬೇಡಿ. ಲಾಂಡ್ರಿ ಏಜೆನ್ಸಿ ಇಡ್ತಿದೀನಿ. ಸೆಕ್ರೆಟರಿ ಒಪ್ಪಿದಾರೆ. ಜಾಗ ಹೇಗೂ ಹೋಗುತ್ತೆ, ಹೊರಗಿನೋರಿಗೆ ಹೋಗೋ ಬದ್ಲು ಮನೇಲೇ ಇರ್ಲಿ ಅಂತ.”

ಅಕ್ಕ ತಮ್ಮನನ್ನು ನೋಡಿದಳು. ಹೇಳಬೇಕಾದ ಮಾತುಗಳು ಬಹಳ ಇದ್ದವು. ಅಷ್ಟನ್ನೂ ಗಾಡಿಗೆ ಹಗ್ಗ ಬಿಗಿಯುವುದರಲ್ಲಿ ತೀರಿಸಿದಳು.

ಆಗ ಮೇಲಿಂದ ಏನೋ ಬಿತ್ತು. ಎರಡನೇ ಮಹಡಿಯಿಂದ ಡಾಕ್ಟರಮ್ಮನ ಯಜಮಾನರು ಪ್ಯಾಂಟೊಂದನ್ನು ಕೆಳಗೆ ಬಿಟ್ಟಿದ್ದರು. “ಹೋಗೋಕೆ ಮುಂಚೆ ಇದೊಂದಕ್ಕೆ ಪೆಟ್ಟಿಗೆ ಆಡಿಸಿ ಹೋಗಪ್ಪ! ಹೇಗೂ ಬಿಸಿ ಇರುತ್ತಲ್ಲ! ಗಂಜಿ ಬೇಡ!”

ಗರಿಗರಿಯ ಕೈ ಅವನನ್ನು ಕೇಳದೆ ಮುಂದೆ ಹೋಗಿ ಹಿಡಿದುಬಿಟ್ಟಿತ್ತು. ಹಿಡಿದದ್ದೂ ಸರಿಯಾಗಿ, ಗೆರೆಗೆ ಗೆರೆ ಕೂಡುವ ಹಾಗೆ. ಅವನು ಗೋಡೆಯ ಪ್ಲಗ್ಗಿನ ಕಡೆ ನೋಡಿದ.

“ಹಾಕ್ಕೊಳ್ಳಿ ಭಾವ, ನಮ್ದೇ ಕನೆಕ್ಷನ್ನು,” ಅಂದ ಭಾವಮೈದ ಧಾರಾಳವಾಗಿ. “ಕರೆಂಟಿಗೆ ಏನೋ ಒಂದಿಷ್ಟು ಕೊಟ್ಬಿಡಿ.”

ಹೆಂಡತಿ ಬಂದು ಗಂಡನ ಕೈಯಿಂದ ಪ್ಯಾಂಟು ಕಿತ್ತುಕೊಂಡಳು. ಮಡಿಸಲಿಲ್ಲ. ಮುದ್ದೆ ಮಾಡಿ, ಗಾಡಿಯಲ್ಲಿ ಪೆಟ್ಟಿಗೆ ಅಲುಗಾಡದ ಹಾಗೆ ಅದರ ಅಡಿಗೆ ಒತ್ತಿದಳು. “ನಡೀರಿ,” ಅಂದಳು.

ಗಾಡಿ ಗೇಟು ದಾಟಿತು. ಮೇಲೆ ಒಂದು ಕಿಟಕಿ ತೆರೆಯಿತು, ಇನ್ನೊಂದು ತೆರೆಯಿತು, ಇಪ್ಪತ್ತನಾಲ್ಕೂ ತೆರೆದವು. ಪ್ರತಿ ಕಿಟಕಿಯಿಂದಲೂ ಅದೇ ಕೂಗು.

“ಕಳ್ಳ! ಕಳ್ಳ! ಹಿಡೀರಿ, ನನ್ನ ಪ್ಯಾಂಟು!”

ಗರಿಗರಿ ತಿರುಗಿ ನೋಡಲಿಲ್ಲ. ಹದಿನಾಲ್ಕು ವರ್ಷದಲ್ಲಿ ಆ ಕಟ್ಟಡದವರು ಅವನನ್ನು ಕಳ್ಳ ಅಂದಾಗ ಮೊದಲ ಸಲ ಅದು ನಿಜವಾಗಿತ್ತು.